ಊರಿನ ಚರ್ಚು ಸೋರುತ್ತಿದೆ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮಧ್ಯಯುಗದ ಪ್ಯಾರಿಷ್ ಚರ್ಚುಗಳು ಒಂದೊಂದಾಗಿ ಸೋರತೊಡಗಿವೆ. ನಾರ್ಫೋಕ್ ಕೌಂಟಿಯೊಂದರಲ್ಲೇ ಮಧ್ಯಯುಗದ ಚರ್ಚುಗಳು 600ಕ್ಕೂ ಹೆಚ್ಚು ಇವೆ. ದೇಶದ ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿ 900ಕ್ಕೂ ಹೆಚ್ಚು ಪ್ರಾರ್ಥನಾ ಮಂದಿರಗಳು ಸೇರಿವೆ. ಓದಿ ಪುಟ ತಿರುವಿಬಿಡುವ ಸಂಖ್ಯೆ ಇದಲ್ಲ.

ನಾರ್ಫೋಕ್‌ನಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲು ಸಿಗುವುದು ಕಡಿಮೆ. ಹೊಲದಲ್ಲಿ ಸಿಕ್ಕ ಮುಷ್ಟಿಗಾತ್ರದ ಚಕಮಕಿ ಕಲ್ಲುಗಳನ್ನೇ ಸುಣ್ಣದ ಗಾರೆಯಲ್ಲಿ ಕೂರಿಸಿ ಗೋಡೆ ಎಬ್ಬಿಸಿದರು. ಆ ಗಾರೆ ತೇವ ಹೀರುತ್ತದೆ, ಹವೆ ಒಣಗಿದಾಗ ಬಿಟ್ಟುಕೊಡುತ್ತದೆ. ಆದರೆ ಮೇಲಿನ ಸೀಸದ ಹೊದಿಕೆ ಗಟ್ಟಿಯಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಹಾಳೆ ಸೀಳಿದರೆ, ಅಂಚಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ, ಓಕ್ ತೊಲೆಯ ತುದಿ ಗೋಡೆಯೊಳಗೆ ಕೂತ ಜಾಗಕ್ಕೇ ನೀರು ಇಳಿಯುತ್ತದೆ. ಮರ ಕೊಳೆಯುವುದು ಅಲ್ಲಿಂದ, ಕೆಳಗೆ ನಿಂತವರ ಕಣ್ಣಿಗೆ ಬೀಳದ ಹಾಗೆ. ಸಿಮೆಂಟು ಮೆತ್ತಿ ರಿಪೇರಿ ಮಾಡಿದ ಕಡೆ ಒಳಹೊಕ್ಕ ನೀರಿಗೆ ಹೊರಬರುವ ದಾರಿಯೂ ಮುಚ್ಚಿದೆ. ಕೇಂಬ್ರಿಡ್ಜ್‌ಶೈರ್‌ನ ಮಾರ್ಚ್ ಪಟ್ಟಣದ ಸೇಂಟ್ ವೆಂಡ್ರೆಡಾ ಚರ್ಚಿನಲ್ಲಿ ರೆಕ್ಕೆ ಬಿಚ್ಚಿದ ನೂರಕ್ಕೂ ಹೆಚ್ಚು ಮರದ ದೇವದೂತರು ಮಾಡಿನ ತೊಲೆಗಳಲ್ಲಿ ನಿಂತಿದ್ದಾರೆ. ಅಂಥ ಮಾಡಿಗೆ ಒಮ್ಮೆ ನೀರು ಹಿಡಿದರೆ ಆಗುವ ನಷ್ಟವನ್ನು ಯಾವ ಹಣವೂ ತುಂಬಿಕೊಡದು.

ಸಾಲದ್ದಕ್ಕೆ ಕಳ್ಳರ ಕಾಟ. 2018ರಲ್ಲಿ ಬೆಡ್‌ಫರ್ಡ್‌ಶೈರ್‌ನ ಹೌಟನ್ ಕಾನ್‌ಕ್ವೆಸ್ಟ್‌ನ ಚರ್ಚಿನ ಚಾವಣಿಯಿಂದ ಸುಮಾರು 20 ಟನ್ ಸೀಸ ಸುಲಿದೊಯ್ದರು.

ಇದನ್ನೆಲ್ಲ ರಿಪೇರಿ ಮಾಡಬೇಕಾದವರು ಯಾರು? ಹಿಂದಿನ ಕಾಲದಲ್ಲಿ ಪೂಜಾವೇದಿಕೆಯಿರುವ ಚಾನ್ಸೆಲ್ ಭಾಗದ ರಿಪೇರಿ ಪಾದ್ರಿಯ ಹೊಣೆಯಾಗಿತ್ತು, ಜನ ಸೇರುವ ನೇವ್ ಊರಿನವರದು. ಅದಕ್ಕಾಗಿ ಊರಿನವರ ಮೇಲಿದ್ದ ಕಡ್ಡಾಯ ಚರ್ಚ್ ಕರ 1868ರಲ್ಲಿ ರದ್ದಾಯಿತು. ಬೇರೆ ಪಂಥದವರಿಂದಲೂ ವಸೂಲಾಗುತ್ತಿದ್ದ ಆ ಕರ ಹೋಗಿದ್ದು ನ್ಯಾಯವೇ. ಅದರ ಜಾಗಕ್ಕೆ ಸರಿಸಾಟಿಯಾದದ್ದು ಏನೂ ಬರಲಿಲ್ಲ ಎನ್ನುವುದೇ ಅನ್ಯಾಯ. ಇವತ್ತು ಎಷ್ಟೋ ಹಳ್ಳಿಗಳಲ್ಲಿ ಭಾನುವಾರ ಬರುವ ಬೆರಳೆಣಿಕೆಯ ಹಿರಿಯರು ಏಳುನೂರು ವರ್ಷದ ಕಟ್ಟಡವನ್ನು ಹೊತ್ತಿದ್ದಾರೆ.

ಸರ್ಕಾರ ಅವರ ಭಾರ ಇಳಿಸಬೇಕಿತ್ತು. ಹೊಸ ಮನೆ ಕಟ್ಟುವವರಿಗೆ ವ್ಯಾಟ್ ಇಲ್ಲ, ಹಳೆಯ ಚರ್ಚು ರಿಪೇರಿ ಮಾಡುವವರಿಗೆ ಶೇ. 20! ಅದನ್ನು ಅನುದಾನವಾಗಿ ಮರಳಿಸುವ ಯೋಜನೆ 2001ರಲ್ಲಿ ಬಂತು. 2025ರಲ್ಲಿ ಅದಕ್ಕೂ ಕತ್ತರಿ ಬಿತ್ತು: ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡಿನ ಮಿತಿ ಹಾಕಲಾಯಿತು. 4 ಲಕ್ಷ ಪೌಂಡಿನ ಚಾವಣಿ ಕೆಲಸಕ್ಕೆ ತೆರಿಗೆಯೇ 80,000. ಆ ಮಿತಿಯಲ್ಲಿ ಉಳಿದ 55,000 ಆ ಹಿರಿಯರು ಎಲ್ಲಿಂದ ತರಬೇಕಿತ್ತು?

ದಾರಿ ಇಲ್ಲವೆಂದಲ್ಲ. ಚರ್ಚುಗಳ ಉಳಿವಿನ ಬಗ್ಗೆ ಸರ್ಕಾರವೇ ನೇಮಿಸಿದ ಟೇಲರ್ ಪರಿಶೀಲನೆ 2017ರಲ್ಲಿ ವರದಿ ಕೊಟ್ಟಿತು. ಅದರಂತೆ ಸಫೋಕ್ ಮತ್ತು ಗ್ರೇಟರ್ ಮ್ಯಾಂಚೆಸ್ಟರ್‌ಗಳಲ್ಲಿ ಕಟ್ಟಡ ನೋಡಿ ಸಲಹೆ ಕೊಡುವ ತಜ್ಞರನ್ನು ಇಟ್ಟು, ಸಣ್ಣ ರಿಪೇರಿಗೆ ಕೈಗೆ ಹಣ ಕೊಟ್ಟು ಪ್ರಯೋಗ ನಡೆಸಲಾಯಿತು. 2020ರಲ್ಲಿ ಅದು ಮುಗಿಯಿತು. ಅದನ್ನು ಎಲ್ಲ ಕೌಂಟಿಗಳಿಗೂ ವಿಸ್ತರಿಸಬೇಕು, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಚರ್ಚುಗಳ ರಿಪೇರಿಯ ಮೇಲಿನ ವ್ಯಾಟ್ ಪೂರ್ತಿ ತೆಗೆಯಬೇಕು. ಇವೆರಡೂ ಮುಂದಿನ ಬಜೆಟ್ಟಿನಲ್ಲೇ ಆಗಬೇಕು.