ಗಿರಾಕಿಗಳಿಗೆ ಕೈಮುಗಿದು ಬಾಗಿಲು ಹಾಕುವ ಹಾಡಿನ ಅಂಗಡಿ

ಮುಂಬಯಿಯ ಕಾಳಾ ಘೋಡಾದಲ್ಲಿದ್ದ ರಿದಮ್ ಹೌಸ್ ಎಂಬ ಸಂಗೀತದ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. 1940ರ ದಶಕದಲ್ಲಿ ಶುರುವಾದ ಈ ಅಂಗಡಿ ಗ್ರಾಮಫೋನ್ ತಟ್ಟೆ, ಕ್ಯಾಸೆಟ್ಟು, ಸಿ.ಡಿ. ಎಲ್ಲವನ್ನೂ ಮಾರಿತ್ತು. ಕೊಳ್ಳುವ ಮೊದಲು ಕೇಳಿ ನೋಡಲಿ ಎಂದು ಗಿರಾಕಿಗಳಿಗಾಗಿ ಪುಟ್ಟ ಗೂಡುಗಳನ್ನೇ ಕಟ್ಟಿಸಿಟ್ಟಿತ್ತು. ಇನ್ನು ನಡೆಸಲಾಗದು ಎಂಬುದನ್ನು ಮಾಲೀಕರು 2015ರಲ್ಲೇ ಬಹಿರಂಗವಾಗಿ ತಿಳಿಸಿದರು. ನಕಲಿ ಮಾಲು ಮತ್ತು ಇಂಟರ್‌ನೆಟ್ಟಿನ ಪುಕ್ಕಟೆ ಹಾಡುಗಳ ಎದುರು ವ್ಯಾಪಾರ ನಿಲ್ಲಲಿಲ್ಲ ಎಂಬುದು ಕಾರಣ. ದಶಕಗಟ್ಟಲೆ ಬಂದುಹೋದ ಗಿರಾಕಿಗಳನ್ನು ನೆನೆದೇ ಅವರು ವಿದಾಯ ಹೇಳಿದರು. ಕೊನೆಯ ದಿನಗಳಲ್ಲಿ ಮುಂಬಯಿಯ ಹಳೇ ತಲೆಗಳೆಲ್ಲ ಅಲ್ಲಿಗೆ ಹೋಗಿ ಒಂದೊಂದು ಸಿ.ಡಿ. ಕೊಂಡು ಬಂದರು. ಆಮೇಲೆ ಆ ಕಟ್ಟಡ ವಜ್ರದ ವ್ಯಾಪಾರಿ ನೀರವ್ ಮೋದಿಯ ಕಂಪನಿಯ ಪಾಲಾಗಿ, 2018ರ ಬ್ಯಾಂಕ್ ವಂಚನೆ ಪ್ರಕರಣದಲ್ಲಿ ಜಪ್ತಿಯ ಪಟ್ಟಿಗೆ ಸೇರಿದ್ದು ಬೇರೆಯೇ ಕಥೆ.

ಮುಂಬಯಿಯ ಅಂಗಡಿ ಮುಚ್ಚಿದರೆ ಪತ್ರಿಕೆಯಲ್ಲಿ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಬಸ್‌ಸ್ಟ್ಯಾಂಡ್ ಬಾಜೂಕ್ಕೆ ಇದ್ದ ಕ್ಯಾಸೆಟ್ ಅಂಗಡಿಗಳು ಮುಚ್ಚಿದ್ದನ್ನು ಬರೆದವರು ಯಾರು? ಒಂದು ದಿನ ಶಟರ್ ಇಳಿದಿತ್ತು, ಮತ್ತೊಂದು ದಿನ ಅದೇ ಜಾಗದಲ್ಲಿ ಮೊಬೈಲ್ ಕವರು ತೂಗುತ್ತಿದ್ದವು, ಅಷ್ಟೇ. ಕೆಲವರು ನಡುವೆ ನಾಲ್ಕೈದು ವರ್ಷ ಮೆಮರಿ ಕಾರ್ಡಿಗೆ ಹಾಡು ತುಂಬಿಕೊಟ್ಟು ಹೇಗೋ ನಡೆಸಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಪುಕ್ಕಟೆ ಡೇಟಾ ಸಿಕ್ಕ ಮೇಲೆ ಆ ಹತ್ತು ಇಪ್ಪತ್ತು ರೂಪಾಯಿಯ ಕೆಲಸವೂ ಹೋಯಿತು.

ಗಡಿ ಭಾಗದಲ್ಲಿ ಈ ಅಂಗಡಿಗೆ ಬರೀ ವ್ಯಾಪಾರದ ಲೆಕ್ಕ ಹಾಕಿದರೆ ಸಾಲದು. ರಸ್ತೆಯ ಬೋರ್ಡು ಮರಾಠಿ, ಕಚೇರಿಯ ಅರ್ಜಿ ಮರಾಠಿ, ಮಕ್ಕಳ ಶಾಲೆಯೂ ವರ್ಷದಿಂದ ವರ್ಷಕ್ಕೆ ಮರಾಠಿಯ ಕಡೆಗೇ ವಾಲುತ್ತಿರುವ ಊರಿನಲ್ಲಿ, ಬೀದಿಗೆ ಕೇಳುವಂತೆ ಕನ್ನಡ ಹೊರಡುತ್ತಿದ್ದ ಜಾಗಗಳು ಎರಡೇ: ಒಂದು ಗುಡಿಯ ಭಜನೆ, ಇನ್ನೊಂದು ಈ ಅಂಗಡಿಯ ಸ್ಪೀಕರು. ಅಲ್ಲಿ ಸ್ವಾಮಿ ಸಮರ್ಥರ ಮರಾಠಿ ಆರತಿಯ ಪಕ್ಕದಲ್ಲೇ ಶರೀಫಜ್ಜನ ತತ್ವಪದ, ಸಿದ್ಧರಾಮನ ವಚನ, ಡೊಳ್ಳಿನ ಪದ, ಗೀಗೀ ಪದ, ರಾಜಕುಮಾರರ ಸಿನಿಮಾ ಹಾಡು ಇರುತ್ತಿದ್ದವು. ಸಂಕ್ರಾಂತಿಯ ಸೊಲ್ಲಾಪುರ ಸಿದ್ಧರಾಮೇಶ್ವರ ಜಾತ್ರೆ, ದೀಪಾವಳಿಯ ಹುಲಜಂತಿ ಮಹಾಲಿಂಗರಾಯನ ಜಾತ್ರೆ, ಛಟ್ಟಿ ಅಮಾವಾಸ್ಯೆಯ ಗುಡ್ಡಾಪುರ ದಾನಮ್ಮನ ಜಾತ್ರೆ ಬಂತೆಂದರೆ ಮಾಲು ಸಾಲುತ್ತಿರಲಿಲ್ಲ. "ಅಣ್ಣಾರ, ದಾನಮ್ಮನ ಹೊಸಾ ಪದ ಬಂದೈತೇನ್ರಿ?" ಎಂದು ಕೇಳಿದರೆ, "ನಾಳಿ ಬರ್ತೈತಿ ತಗೋರಿ, ನಿಮಗೊಂದು ಎತ್ತಿ ಇಟ್ಟಿರ್ತೀನಿ" ಎಂಬ ಉತ್ತರ. ಹಾಗೆ ಎತ್ತಿಟ್ಟ ಕ್ಯಾಸೆಟ್ಟಿನ ದುಡ್ಡು ಸುಗ್ಗಿ ಮುಗಿದ ಮೇಲೆ ಬಂದರೂ ನಡೆಯುತ್ತಿತ್ತು.

ಈ ಅಂಗಡಿಕಾರರಿಗೆ ಒಂದು ವಿದ್ಯೆ ಇತ್ತು. ಗಿರಾಕಿಗೆ ಹಾಡಿನ ಹೆಸರು ಗೊತ್ತಿಲ್ಲ, ಹಾಡಿದವರು ಗೊತ್ತಿಲ್ಲ. ಅರ್ಧ ಸಾಲು ಗುನುಗಿದರೆ ಸಾಕು, ಇವರ ಕೈ ನೇರ ಮೂರನೇ ಅರೆಯ ಐದನೇ ಡಬ್ಬಿಗೆ ಹೋಗುತ್ತಿತ್ತು. ಬೇಕಾದ ಹಾಡುಗಳ ಚೀಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿನ ಎರಡೂ ಬದಿ ಭರ್ತಿ ಮಾಡಿಕೊಡುತ್ತಿದ್ದರು. ಅದು ಕಾಯ್ದೆಗೆ ವಿರುದ್ಧವೇ ಆಗಿತ್ತು. ಮುಂದೆ ತಮ್ಮದೇ ವ್ಯಾಪಾರವನ್ನು ನುಂಗಿದ ನಕಲಿ ಹಾವಳಿಯ ಮೊದಲ ಪಾಠವೂ ಇದೇ ಅಂಗಡಿಗಳಲ್ಲಿ ನಡೆದಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಅಂಗಡಿಯಲ್ಲಿ ಎಲ್ಲೂ ಸಿಗದ ಹಳೇ ಪದಗಳು ಮನೆಮನೆಯಲ್ಲಿ ಉಳಿದದ್ದೂ ಆ ಚೀಟಿಗಳಿಂದಲೇ.

ಸಂಗೀತದ ಅಂಗಡಿ ಎಂದರೆ ಹಾಡು ಮಾರುವುದು ಮಾತ್ರವಲ್ಲ, ವಾದ್ಯದ ಅಂಗಡಿಯೂ ಹೌದು. ಅದಕ್ಕೆ ಮಿರಜಕ್ಕಿಂತ ದೊಡ್ಡ ಉದಾಹರಣೆ ಈ ಸೀಮೆಯಲ್ಲಿ ಇಲ್ಲ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದ ಊರು ಅದು. ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತಂಬೂರಿಯ ಬುರುಡೆಗೆ ಬೇಕಾದ ಸೋರೆ ಮಂಗಳವೇಢೆ ಸೀಮೆಯ ಹೊಲದಲ್ಲಿ ಬೆಳೆಯುತ್ತದೆ, ಕಟ್ಟಿಗೆ ಕರ್ನಾಟಕದ ಕಾಡಿನಿಂದ ಹೋಗುತ್ತದೆ. ಗಡಿ ಎಂಬುದು ತಂಬೂರಿಗೆ ಗೊತ್ತಿಲ್ಲ! ಅಪ್ಪ ಕೊಂಡ ತಂಬೂರಿಯ ಜವಾರಿ ತೆಗೆಸಲು ಮಗ ಅದೇ ಅಂಗಡಿಗೆ ಬರುತ್ತಾನೆ. ಹೀಗಾಗಿ ಮಿರಜದ ಕಸಬು ಇನ್ನೂ ಉಸಿರಾಡುತ್ತಿದೆ. ಕ್ಯಾಸೆಟ್ ಅಂಗಡಿಗೆ ಆ ಭಾಗ್ಯ ಇರಲಿಲ್ಲ. ಹಾಡು ಕೊಂಡ ಮೇಲೆ ರಿಪೇರಿಗೆ ಬರುವುದಿಲ್ಲ. ಗಿರಾಕಿ ಮತ್ತೆ ಬರಬೇಕಾದರೆ ಬರೀ ಮನಸ್ಸಿನಿಂದಲೇ ಬರಬೇಕಿತ್ತು.

ಹಾಗೆ ಮನಸ್ಸಿನಿಂದ ಬಂದವರಿಗೆ ಮುದಿ ಅಂಗಡಿಕಾರ ಕೈಮುಗಿಯುತ್ತಾನೆ. ಒಳ್ಳೆಯದೇ. ಆದರೆ ಮರುದಿನದಿಂದ ಅವನ ಗತಿ ಏನು ಎಂಬುದನ್ನು ಕೈಮುಗಿಸಿಕೊಂಡವರು ಕೇಳುವುದು ಕಡಿಮೆ. ಮಾಸ್ತರಿಗೆ ಪಿಂಚಣಿ ಉಂಟು, ರೇಲ್ವೆಯವನಿಗೆ ಉಂಟು. ನಲವತ್ತು ವರ್ಷ ಗಲ್ಲಾದ ಹಿಂದೆ ಕೂತವನಿಗೆ ನಿವೃತ್ತಿ ಎಂದರೆ ಖಾಲಿ ಕೈ. ಕೇಂದ್ರ ಸರ್ಕಾರ 2019ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಪಿಂಚಣಿ ಯೋಜನೆ ತಂದದ್ದೇನೋ ನಿಜ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರದವರು ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು, ಸರ್ಕಾರವೂ ಅಷ್ಟೇ ಹಾಕುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಆದರೆ ಸೇರುವ ವಯಸ್ಸು 18ರಿಂದ 40. ಯೋಜನೆ ಬಂದಾಗ ಐವತ್ತು ದಾಟಿದ್ದ ಕ್ಯಾಸೆಟ್ ಅಂಗಡಿಯವನಿಗೆ ಇದರಿಂದ ಮೂರು ಕಾಸೂ ಬರುವುದಿಲ್ಲ. ಕಸಬೇ ಮುಳುಗಿಹೋದ ವ್ಯಾಪಾರಿಗಳಿಗೆ ವಯಸ್ಸಿನ ಕಟ್ಟು ಸಡಿಲಿಸಿ ಎಂದು ಗಡಿ ಭಾಗದ ಯಾವ ಜನಪ್ರತಿನಿಧಿಯಾದರೂ ಎತ್ತಿ ಆಡಬೇಕು.

ಸರ್ಕಾರದ್ದು ಸರ್ಕಾರಕ್ಕೆ ಬಿಟ್ಟು, ಗಿರಾಕಿ ಮಾಡಬಹುದಾದ ಕೆಲಸವೂ ಇದೆ. ಹಳೇ ವಹಿಯಲ್ಲಿ ಉಳಿದ ಉದ್ರಿ ಮೊದಲು ತೀರಿಸಬೇಕು. ಮೂವತ್ತು ನಲವತ್ತು ರೂಪಾಯಿಯ ಬಾಕಿ ಎಂದು ನಗುವಂತಿಲ್ಲ, ಅಂಥವೇ ಇನ್ನೂರು ಸೇರಿದರೆ ಎಷ್ಟಾಯಿತು? ಎರಡನೆಯದು ಅಂಗಡಿಯಲ್ಲಿ ಉಳಿದ ಮಾಲಿನ ಮಾತು. ಸಿನಿಮಾ ಹಾಡುಗಳು ಹೇಗೂ ಮೊಬೈಲಿನಲ್ಲಿ ಸಿಗುತ್ತವೆ, ಅವಕ್ಕೆ ಚಿಂತೆ ಬೇಡ. ಭಜನಾ ಮೇಳದವರು, ಡೊಳ್ಳಿನ ಮೇಳದವರು ತಾವೇ ದುಡ್ಡು ಹಾಕಿ ಮಾಡಿಸಿದ ಕ್ಯಾಸೆಟ್ಟುಗಳೇ ಬೇರೆ. ಅವು ಕೆಲವು ನೂರು ಪ್ರತಿ ಅಚ್ಚಾಗಿ ಜಾತ್ರೆಯಲ್ಲಿ ಖರ್ಚಾಗಿ ಹೋದವು. ಹಾಡಿದವರಲ್ಲಿ ಬಹಳ ಜನ ಈಗಿಲ್ಲ. ಸೊಲ್ಲಾಪುರ, ಜತ್ತ ಸೀಮೆಯ ಕನ್ನಡ ಹೇಗೆ ಕೇಳಿಸುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಎಲ್ಲಿದೆ?

ಕ್ಯಾಸೆಟ್ಟಿನ ಟೇಪು ಚಿರಂಜೀವಿ ಅಲ್ಲ. ಮಳೆಗಾಲದ ತೇವಕ್ಕೆ ಬೂಸು ಹಿಡಿಯುತ್ತದೆ, ಬಹಳ ವರ್ಷ ತಿರುಗಿಸದಿದ್ದರೆ ಸುರುಳಿ ಸುರುಳಿಗೆ ಅಂಟುತ್ತದೆ. ಒಂದು ತಾಸಿನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ತಾಸೇ ಬೇಕು, ಅವಸರ ನಡೆಯದು. ಐನೂರು ಕ್ಯಾಸೆಟ್ಟಿದ್ದರೆ ದಿನಕ್ಕೆ ಐದು ತಾಸಿನಂತೆ ನೂರು ದಿನ. ಒಂದು ಸುಸ್ಥಿತಿಯ ಟೇಪ್ ಡೆಕ್, ಒಂದು ಕಂಪ್ಯೂಟರು, ತಾಳ್ಮೆಯುಳ್ಳ ಒಬ್ಬ ಹುಡುಗ ಇದ್ದರೆ ಆಗುವ ಕೆಲಸ. ಹಕ್ಕಿನ ಪ್ರಶ್ನೆ ಬರುತ್ತದೆ, ಸರಿ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ, ಆದ್ದರಿಂದ ಕ್ಯಾಸೆಟ್ಟುಗಳೆಲ್ಲ ಇನ್ನೂ ಹಕ್ಕಿನೊಳಗೇ ಇವೆ. ಮೇಳದವರ ಮನೆಯವರನ್ನು ಕಂಡು ಬರಹದಲ್ಲಿ ಒಪ್ಪಿಗೆ ಪಡೆದರೆ ತಂಟೆ ಇಲ್ಲ. ಆ ಮನೆಗಳು ಎಲ್ಲಿವೆ ಎಂಬುದು ಅಂಗಡಿಕಾರನಿಗೇ ಗೊತ್ತು, ಅವನು ಇರುವಾಗಲೇ ಕೇಳಬೇಕು. 2010ರ ಕಾಯ್ದೆಯಂತೆ ರಚನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಸಂಸ್ಥೆಗಳಿಗೆ ಅನುದಾನ ಕೊಡುತ್ತ ಬಂದಿದೆ. ರಾಜ್ಯೋತ್ಸವದ ಪೆಂಡಾಲು, ಹಾರ, ಶಾಲುಗಳಿಗೆ ಹೋಗುವ ದುಡ್ಡಿನಲ್ಲಿ ಒಂದು ವರ್ಷದ ಪಾಲು ಇದಕ್ಕೆ ಬಂದರೆ ಯಾರಿಗೂ ನಷ್ಟವಿಲ್ಲ.

ಮುಂಬಯಿಯ ಅಂಗಡಿಯವರು ತಿಂಗಳುಗಟ್ಟಲೆ ಮೊದಲೇ ಹೇಳಿದ್ದರಿಂದ ಗಿರಾಕಿಗಳಿಗೆ ಬಂದು ಹೋಗಲು ವೇಳೆ ಸಿಕ್ಕಿತು. ಇಲ್ಲಿಯವರು ಹಾಗೆ ಸಾರಿ ಹೇಳುವವರಲ್ಲ. "ಇನ್ನ ಸಾಕ್ರಿ, ಕಣ್ಣ ಕಾಣಂಗಿಲ್ಲ" ಎಂದು ಚಹಾ ಕುಡಿಯುವಾಗ ಒಂದು ಮಾತು ಆಡಿದರೆ ಅದೇ ನೋಟೀಸು. ಆ ಮಾತು ಕಿವಿಗೆ ಬಿದ್ದ ವಾರದೊಳಗೆ ಊರಿನ ಕನ್ನಡ ಸಂಘದವರು ಅಂಗಡಿಗೆ ಹೋಗಿ, ಡಬ್ಬಿಗಳ ಪಟ್ಟಿ ಮಾಡಿ, ಮಾಲಿಗೆ ನ್ಯಾಯವಾದ ಬೆಲೆ ಕೊಟ್ಟು ಎತ್ತಿಕೊಳ್ಳಬೇಕು. ತಡವಾದರೆ ಗುಜರಿಯವನು ಬಂದು ಪ್ಲಾಸ್ಟಿಕ್ಕಿನ ಲೆಕ್ಕದಲ್ಲಿ ಕಿಲೋಕ್ಕೆ ಇಷ್ಟೆಂದು ತೂಗಿಕೊಂಡು ಹೋಗುತ್ತಾನೆ.