ಡಮಾಸ್ಕಸ್ ಚಾಕುವಿನಲ್ಲಿ ಕಲೆ ಕಂಡರೆ ಅದು ನಕಲಿಯೇ?

ಅಲೆಅಲೆ ಗೆರೆಗಳಿರುವ ಡಮಾಸ್ಕಸ್ ಚಾಕುಗಳ ವಿಡಿಯೊಗಳ ಜೊತೆ ಒಂದು ಮಾತೂ ಹರಿದಾಡುತ್ತದೆ: "ಅಸಲಿಗೆ ಕಲೆಯೇ ಆಗಲ್ಲ, ಆದರೆ ಅದು ಡೂಪ್ಲಿಕೇಟ್." ಇದು ತಪ್ಪು. ನಂಬಿದವರು ಒಳ್ಳೆಯ ಚಾಕುವನ್ನು ಎಸೆಯುತ್ತಾರೆ, ಇಲ್ಲವೇ ಒದ್ದೆಯಲ್ಲೇ ಬಿಟ್ಟು ಹಾಳುಮಾಡುತ್ತಾರೆ.

ಹಳೆಯ ಡಮಾಸ್ಕಸ್‌ಗೂ ತುಕ್ಕು

ಹಿಂದಿನ ಡಮಾಸ್ಕಸ್ ಕತ್ತಿಗಳ ಹೆಸರಿನ ಹಿಂದೆ ನಮ್ಮ ಕಡೆಯ ಉಕ್ಕೂ ಇದೆ. ಇಂಗ್ಲಿಷಿನ 'ವೂಟ್ಜ್' ಕನ್ನಡದ 'ಉಕ್ಕು' ಪದದಿಂದಲೇ ಬಂತು ಎಂಬುದು ಪ್ರಚಲಿತ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಉಕ್ಕು ತಯಾರಿಸುವುದನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಇಂಗಾಲ ಸುಮಾರು 1.5%. ತುಕ್ಕು ತಡೆಯುವಷ್ಟು ಕ್ರೋಮಿಯಂ ಇರಲಿಲ್ಲ. ಒರೆಸಿ ಎಣ್ಣೆ ಹಚ್ಚದಿದ್ದರೆ ಆ ಕತ್ತಿಗೂ ತುಕ್ಕೇ.

ಇಂದಿನವು ಎರಡು ಬಗೆ

ಈಗಿನ ಹೆಚ್ಚಿನ ಡಮಾಸ್ಕಸ್ ಚಾಕುಗಳು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದವು. ಪದರಗಳು ಸಾದಾ ಕಾರ್ಬನ್ ಉಕ್ಕಿನವಾದರೆ ಬೇಗ ಕಪ್ಪಾಗುತ್ತವೆ, ತುಕ್ಕೂ ಹಿಡಿಯುತ್ತದೆ. ಊರಿನ ಕಮ್ಮಾರರು ಮಾಡುವ ಮಚ್ಚಿನ ಹಾಗೆಯೇ.

ಸ್ಟೇನ್‌ಲೆಸ್ ಡಮಾಸ್ಕಸ್‌ನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಈ ಪೊರೆಯೇ ಕಾವಲು. ಆದರೆ ಅಲಗು ಹರಿತವಾಗಿ ಉಳಿಯಲು ಇಂಗಾಲವೂ ಬೇಕು. ಅದು ಕ್ರೋಮಿಯಂನ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಚಾಕು, ಊಟದ ಸ್ಟೀಲ್ ತಟ್ಟೆಯಷ್ಟು ಕಲೆ ತಡೆಯುವುದಿಲ್ಲ. 'ಸ್ಟೇನ್‌ಲೆಸ್' ಎಂದರೆ ಕಲೆ ಕಡಿಮೆ ಎಂದೇ ಹೊರತು ಕಲೆಯೇ ಇಲ್ಲ ಎಂದಲ್ಲ.

ಅಯಸ್ಕಾಂತ ಅಂಟಿದರೆ ಸ್ಟೇನ್‌ಲೆಸ್ ಅಲ್ಲವೇ?

ಈ ಪರೀಕ್ಷೆಯೂ ಸರಿಯಲ್ಲ. ಚಾಕುವಿಗೆ ಬಳಸುವ ಗಟ್ಟಿ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುತ್ತದೆ. ಇನ್ನು, ಉಜ್ಜಿದರೆ ಗೆರೆ ಮಾಸುವುದು ಅಸಲಿಯಲ್ಲೂ ಉಂಟು. ಮತ್ತೆ ಆಸಿಡ್‌ನಲ್ಲಿ ಅದ್ದಿದಾಗ ಗೆರೆ ಮೂಡಿದರೆ ಪದರ ನಿಜ. ಮೇಲ್ಮೈಯಲ್ಲಷ್ಟೇ ಲೇಸರ್‌ನಿಂದ ಬರೆದದ್ದಾದರೆ ಹಿಂತಿರುಗದು.

ನಮ್ಮ ಅಡುಗೆಮನೆಯಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬಾಳೆಕಾಯಿ, ಬಾಳೆದಿಂಡು, ಮಾವಿನಕಾಯಿ, ನಿಂಬೆ ಹೆಚ್ಚದ ಮನೆ ಯಾವುದು? ಬಾಳೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಕೊಡುತ್ತದೆ. ಅದು ವಿಷವಲ್ಲ. ಹುಳಿ ಅಲಗಿನ ಮೇಲೆ ಹೊತ್ತುಗಟ್ಟಲೆ ಕೂತರೆ ಗೆರೆ ಮಂಕಾಗುತ್ತದೆ. ಸ್ಟೇನ್‌ಲೆಸ್‌ಗೆ ದೊಡ್ಡ ಶತ್ರು ಉಪ್ಪು. ಅದರಲ್ಲಿರುವ ಕ್ಲೋರೈಡ್ ಪೊರೆಯನ್ನು ತೂತು ಮಾಡಿ ಚುಕ್ಕಿಚುಕ್ಕಿ ತುಕ್ಕು ತರುತ್ತದೆ. ಬ್ಲೀಚಿಂಗ್ ನೀರೂ ಹಾಗೆಯೇ.

ಹೀಗೆ ಮಾಡಿ:

• ಹೆಚ್ಚಿದ ಕೂಡಲೇ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ.
• ಎಂಜಲು ಪಾತ್ರೆಗಳ ಜೊತೆ ಸಿಂಕ್‌ನಲ್ಲಿ ನೆನೆಹಾಕಬೇಡಿ.
• ಸ್ಟೀಲ್ ಸ್ಕ್ರಬ್ಬರ್ ಬೇಡ, ಗೆರೆ ಮಾಸುತ್ತದೆ. ಮೆತ್ತನೆ ಸ್ಪಂಜು ಸಾಕು.
• ಸಣ್ಣ ಕಲೆಗೆ ಅಡುಗೆ ಸೋಡಾ ಮತ್ತು ನೀರು ಕಲಸಿ ಮೆಲ್ಲಗೆ ಉಜ್ಜಿ.
• ಕಾರ್ಬನ್ ಉಕ್ಕಿನದಾದರೆ ಒಂದು ಹನಿ ಅಡುಗೆ ಎಣ್ಣೆ ಸವರಿಡಿ.

ಕೊಳ್ಳುವಾಗ ಗೆರೆ ನೋಡಿ ಮರುಳಾಗದೆ, ಅಲಗಿನ ಉಕ್ಕು ಯಾವುದು ಎಂದು ಕೇಳಿ. ಉಕ್ಕಿನ ಹೆಸರು ಹೇಳದವರಿಗೆ ಹೆಚ್ಚು ದುಡ್ಡು ಕೊಡಬೇಡಿ.