ಇಲ್ಲದವರ ಮೇಲಿನ ಮಮತೆ

ಕಾಗದದ ಮೇಲೆ ಮಸಿಯಿಂದ ಬರೆದ ಹುಡುಗನೊಬ್ಬ ಸತ್ತನೆಂದು ಇಪ್ಪತ್ತರ ತರುಣನು ಕಣ್ಣೀರು ಹಾಕಿದರೆ ನೋಡಿದವರು ನಗುತ್ತಾರೆ. “ಹೆತ್ತವರ ಕಷ್ಟಕ್ಕೆ ಅಳದವನು ಜಪಾನಿನ ಬೊಂಬೆಗೆ ಅಳುತ್ತಾನೆ” ಎಂಬ ಮಾತು ನಮ್ಮ ಕಾಲೇಜಿನ ಅಂಗಳದಲ್ಲಿಯೂ ಕೇಳಿಬರುವುದುಂಟು. ಮಾಂಗಾ ಎಂದರೆ ಜಪಾನೀಯರ ಚಿತ್ರಕಥೆ; ಅಂಥ ಚಿತ್ರಗಳೇ ತೆರೆಯ ಮೇಲೆ ಚಲಿಸಿದರೆ ಅನಿಮೆ. ಇವುಗಳಲ್ಲಿನ ಪಾತ್ರಗಳನ್ನು ನಮ್ಮ ವಿದ್ಯಾರ್ಥಿ ಮಿತ್ರರನೇಕರು ಸ್ವಂತ ಬಂಧುಗಳಂತೆ ಪ್ರೀತಿಸುತ್ತಿರುವುದು ನಿಜ. ಈ ಮಮತೆಯನ್ನು ರೋಗವೆಂದು ಕರೆಯುವವರೊಡನೆ ನನಗೆ ಸ್ವಲ್ಪ ಜಗಳವಿದೆ.

ನನ್ನ ಊರು ವಳಕಮದಿನ್ನಿ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ಹೆಸರು ಕೇಳದ ಹಿರಿಯರು ನಮ್ಮ ಸೀಮೆಯಲ್ಲಿ ವಿರಳ. ಮಲಗಿದ್ದ ದ್ರೌಪದಿಯ ಐವರು ಮಕ್ಕಳನ್ನು ಅಶ್ವತ್ಥಾಮನು ಕೊಂದ ರಾತ್ರಿಯ ಕಥೆ ಅದು. ಹಳ್ಳಿಯ ಆಟದಲ್ಲಿ ದ್ರೌಪದಿಯೂ ಗಂಡಸಾಗಿರುವುದುಂಟು: ಹಗಲು ಟ್ರ್ಯಾಕ್ಟರ್ ಹೊಡೆಯುವವನು, ಎದುರಿಗೆ ಕುಳಿತವರಿಗೆ ಅಳಿಯನೋ ಮೈದುನನೋ ಆಗಬೇಕಾದವನು. ಅವನು ಉಟ್ಟ ಸೀರೆ ಯಾರ ಮನೆಯದೆಂಬುದು ಕೂಡ ಹೆಂಗಸರಿಗೆ ಗೊತ್ತು. ಆದರೂ ಅವನು ಸತ್ತ ಮಕ್ಕಳ ಮುಂದೆ ಕುಸಿದು ಕುಳಿತನೆಂದರೆ ಎಲ್ಲರ ಸೆರಗೂ ಕಣ್ಣಿಗೆ ಹೋಗುತ್ತದೆ. ಅವರನ್ನು ಯಾರೂ ಹುಚ್ಚರೆನ್ನುವುದಿಲ್ಲ. “ಆಟ ಭಾಳ ಚಲೋ ಆತು” ಎನ್ನುತ್ತಾರೆ. ಸುಳ್ಳೆಂದು ಬಲ್ಲವರೇ ಅತ್ತರಲ್ಲವೆ? ನಮ್ಮ ಅಲಂಕಾರಶಾಸ್ತ್ರಜ್ಞರು ಇದನ್ನು ಸಾಧಾರಣೀಕರಣವೆಂದು ಕರೆದರು. ರಂಗದ ಮೇಲಿನ ಶೋಕವು ನಟನದೊಂದೇ ಆಗಿರದೆ ನೋಡುವವರೆಲ್ಲರದೂ ಆಗುತ್ತದೆಂದರು. ಆ ಪಾತ್ರ ಮನುಷ್ಯದೇಹವನ್ನೇ ತೊಟ್ಟು ಬರಬೇಕು, ರೇಖೆಯಾಗಿ ಬರಕೂಡದು ಎಂಬ ನಿಯಮ ನಾನು ಓದಿದ ಪಠ್ಯದಲ್ಲಂತೂ ಇಲ್ಲ.

ಜಪಾನೀಯರಿಗೆ ಈ ಸಂಕೋಚವಿದ್ದಂತೆ ಕಾಣದು. 1968ರಲ್ಲಿ ಆರಂಭವಾದ ‘ಅಶಿತ ನೊ ಜೋ’ ಎಂಬ ಮಾಂಗಾದಲ್ಲಿ ರಿಕಿಶಿ ಎಂಬ ಮುಷ್ಟಿಮಲ್ಲನಿದ್ದನು. ಕಥಾನಾಯಕನೊಡನೆ ಸರಿಸಮನಾಗಿ ಕಾದಲೆಂದು ಅನ್ನನೀರು ಬಿಟ್ಟು ಮೈತೂಕವಿಳಿಸಿ, ಗೆದ್ದು, ಸತ್ತನು. ಅವನಿಗಾಗಿ 1970ರ ಮಾರ್ಚ್ 24ರಂದು ಟೋಕಿಯೋದಲ್ಲಿ, ಪ್ರಕಾಶಕರ ಕಚೇರಿಯಲ್ಲಿಯೇ, ಕವಿ ಶೂಜಿ ತೆರಯಾಮನ ಮುಂದಾಳುತನದಲ್ಲಿ ಉತ್ತರಕ್ರಿಯೆ ನಡೆಯಿತು. ಸುಮಾರು 700 ಮಂದಿ ಬಂದು ಧೂಪವಿಟ್ಟರು.

ನನಗೆ ಹತ್ತಿರದವಳು ಸೆತ್ಸುಕೊ. ಇಸಾವೊ ತಕಾಹತ 1988ರಲ್ಲಿ ನಿರ್ದೇಶಿಸಿದ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ ‘ಮಿಂಚುಹುಳುಗಳ ಸಮಾಧಿ’ ಎನ್ನಬಹುದು. 1945ರಲ್ಲಿ ಕೋಬೆ ನಗರದ ಮೇಲೆ ಬಾಂಬು ಬಿದ್ದು ತಾಯಿ ಸತ್ತಳು. ಹದಿನಾಲ್ಕರ ಅಣ್ಣ, ನಾಲ್ಕರ ತಂಗಿ ಉಳಿದರು. ಅವಳ ಬಳಿ ಪೆಪ್ಪರಮಿಂಟಿನ ಡಬ್ಬಿಯೊಂದಿದೆ. ಅದು ಬರಿದಾದಾಗ ಅಣ್ಣನು ಅದರಲ್ಲಿ ನೀರು ತುಂಬಿ ಅಲ್ಲಾಡಿಸಿ ಕುಡಿಸುತ್ತಾನೆ. ಕೊನೆಗೆ ಅವಳ ಬೂದಿಯೇ ಆ ಡಬ್ಬಿಯನ್ನು ಸೇರುತ್ತದೆ. ಮೂಲಕಥೆಯನ್ನು 1967ರಲ್ಲಿ ಬರೆದ ಅಕಿಯುಕಿ ನೊಸಾಕನು ಆ ಯುದ್ಧಕಾಲದಲ್ಲಿ ತನ್ನ ಪುಟ್ಟ ತಂಗಿಯನ್ನು ಹಸಿವೆಯಿಂದ ಕಳೆದುಕೊಂಡವನೇ ಆಗಿದ್ದನು.

ನಮ್ಮ ಭಾಗದಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳಲ್ಲಿ ತಾಯಿತಂದೆ ಕಟ್ಟಡದ ಕೆಲಸಕ್ಕೆ ಹೋದರೆ ತಗಡಿನ ಶೆಡ್ಡಿನಲ್ಲಿ ಕಿರಿಯ ಕೂಸನ್ನು ಹಿರಿಯ ಕೂಸೇ ಕಾಯಬೇಕು. ನಾನೂ ಎರಡು ಬೇಸಿಗೆ ಹಾಗೆ ತಂಗಿಯನ್ನು ಸೊಂಟದ ಮೇಲೆ ಹೊತ್ತವನು. ಅವಳೀಗ ಹತ್ತನೆಯ ತರಗತಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಆ ದಿನಗಳ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗುಳೆ ಹೋದದ್ದು ಹೇಳಿಕೊಳ್ಳುವ ವಿಷಯವೆ? ಸೆತ್ಸುಕೊಗಾಗಿ ಅತ್ತಾಗ ನಾನು ಯಾರಿಗಾಗಿ ಅತ್ತೆನೆಂದು ಬಿಡಿಸಿ ಹೇಳಲಾರೆ. ಹೆತ್ತವರ ಕಷ್ಟಕ್ಕೆ ಅಳದವನೆಂದು ಆಡಿಕೊಳ್ಳುವವರು ಇದನ್ನು ಸ್ವಲ್ಪ ಯೋಚಿಸಬೇಕು. ಎದುರಿಗೆ ನಿಂತು ಅಳಲಾಗದ ಕಷ್ಟಕ್ಕೆ ಎಷ್ಟೋ ಮಂದಿ ಬೇರೆಯವರ ಹೆಸರಿನಲ್ಲಿ ಅಳುತ್ತಾರೆ.

ಹೀಗೆಂದ ಮಾತ್ರಕ್ಕೆ ಪಾತ್ರವನ್ನು ಪ್ರೀತಿಸಿದವನು ಸಜ್ಜನನಾಗುವನೆಂದು ನನ್ನ ವಾದವಲ್ಲ. ದ್ರೌಪದಿಗಾಗಿ ಅತ್ತ ಅತ್ತೆ ಮರುದಿನ ಸೊಸೆಯನ್ನು ಬೈಯದೆ ಬಿಟ್ಟಿದ್ದನ್ನು ನಾನು ಕಂಡಿಲ್ಲ! ‘ನರುಟೊ’ ಕಥೆಯ ಎರಡು ಭಾಗ ಸೇರಿ 720 ಕಂತುಗಳು; ಅದಕ್ಕೆ ಸಿಕ್ಕವನು ಮುಂಜಾನೆಯ ತರಗತಿಯಲ್ಲಿ ತೂಕಡಿಸುತ್ತಾನೆಂಬ ಅಧ್ಯಾಪಕರ ದೂರು ನ್ಯಾಯವಾದುದೇ. ಬದುಕಿರುವವರಿಗಿಂತ ಪಾತ್ರಗಳೇ ಮೇಲು, ಅವು ಬೈಯುವುದಿಲ್ಲ, ಸಾಲ ಕೇಳುವುದಿಲ್ಲ ಎನ್ನುವ ಗೆಳೆಯರೂ ಇದ್ದಾರೆ. ಅವರನ್ನು ನಾನು ಒಪ್ಪಲಾರೆ. ಸೆತ್ಸುಕೊಗೆ ನಾನು ಒಂದು ತುತ್ತು ಉಣ್ಣಿಸಲಾರೆ, ತಂಗಿಗೆ ಉಣ್ಣಿಸಬಲ್ಲೆ.

ನನ್ನ ಚಿಂತೆ ಬೇರೆ. ‘ರಕ್ತರಾತ್ರಿ’ ನೋಡಿದವರು ಊರೊಟ್ಟಿಗೆ ಕುಳಿತು ಅಳುತ್ತಾರೆ, ವಾರಗಟ್ಟಲೆ ನೀರಿನ ಕಟ್ಟೆಯ ಬಳಿ ಅದೇ ಮಾತನಾಡುತ್ತಾರೆ. ನಮ್ಮವರು ಕಂಬಳಿ ಹೊದ್ದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಒಬ್ಬೊಬ್ಬರೇ ಅತ್ತು, ಬೆಳಿಗ್ಗೆ ಕೇಳಿದರೆ ನೆಗಡಿಯೆನ್ನುತ್ತಾರೆ. ಕನ್ನಡ ಸಂಘದವರು ಮುಂದಿನ ವರ್ಷ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಬಿಟ್ಟುಕೊಡಲಿ. ಚಿತ್ರವು ಒಂದೂವರೆ ಗಂಟೆಯದು. ಅದು ಮುಗಿದ ಮೇಲೆ ಕುಳಿತು ಮಾತನಾಡಿದರೂ ಊರಿಗೆ ಹೋಗುವವರಿಗೆ ಸಂಜೆಯ ಬಸ್ಸು ತಪ್ಪಲಾರದು.